ಉಬ್ಬಸದ ಬೆನ್ನಿಗೆ ಖಿನ್ನತೆ, ಖಿನ್ನತೆಯ ಬೆನ್ನಿಗೆ ಉಬ್ಬಸ

ಚಿಕ್ಕಮ್ಮನ ಇನ್ಹೇಲರ್‌ನ ಹಿಂದೆ ಒಂದು ಪುಟ್ಟ ಕಿಟಕಿ ಇದೆ. ಒಳಗೆ ಇನ್ನೆಷ್ಟು ಪಫ್ ಉಳಿದಿದೆ ಅಂತ ಅದು ತೋರಿಸುತ್ತದೆ. ಸಂಕ್ರಾಂತಿ ಹೊತ್ತಿಗೆ ತಂದ ಹೊಸ ಪಂಪು, ಆಗ 120 ಇತ್ತು. ಯುಗಾದಿಗೆ ಹೋದಾಗ ಸುಮ್ನೆ ತಿರುಗಿಸಿ ನೋಡಿದೆ: 76. ಬೆಳಿಗ್ಗೆ ಎರಡು, ರಾತ್ರಿ ಎರಡು ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ಎರಡು ತಿಂಗಳ ಮೇಲಾಗಿದೆ, ಖರ್ಚಾಗಿರುವುದು 11 ದಿನದ ಔಷಧಿ. ಉಬ್ಬಸ ಬಂದಾಗ ಮಾತ್ರ ಎಳೆಯುವ ನೀಲಿ ಪಂಪು ಇದೆಯಲ್ಲ, ಅದು ಮಾತ್ರ ತಿಂಗಳಿಗೊಂದು ಖಾಲಿ.

"ಯಾಕೆ ಚಿಕ್ಕಮ್ಮಾ?" ಅಂದೆ. "ಮರ್ತೋಗುತ್ತೆ ಕಣೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಗೊಂಡು ಏನಾಗ್ಬೇಕಿದೆ ಬಿಡು" ಅಂದರು.

ಚಿಕ್ಕಪ್ಪ ತೀರಿಕೊಂಡು ಆಗ ಐದು ತಿಂಗಳು. ಚಿಕ್ಕಮ್ಮನಿಗೆ ಅಸ್ತಮಾ ಜಾಸ್ತಿಯಾಗಿದ್ದಕ್ಕೆ ನಾವೆಲ್ಲ ಧೂಳಿಗೆ, ಥಂಡಿಗೆ, ಮನೆಯ ಬೆಕ್ಕಿಗೆ ಬೈಯುತ್ತಿದ್ದೆವು. ಆ ಎರಡನೆಯ ಮಾತು ಯಾವ ಡಾಕ್ಟರ ಕಿವಿಗೂ ಬಿದ್ದಿರಲಿಲ್ಲ. ನಾವೂ ಕೇಳಿಸಿಕೊಂಡಿರಲಿಲ್ಲ.

ಅಸ್ತಮಾ ಅಂದರೆ ಏನು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಶ್ವಾಸನಾಳಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಹೊಗೆ, ಪರಾಗ, ನೆಗಡಿ, ಏನಾದರೂ ಕೆಣಕಿದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ, ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ಎದೆಯಲ್ಲಿ ಸುಂಯ್ ಸುಂಯ್ ಶಬ್ದ ಬರುವುದು ಅದಕ್ಕೇ. ನೀಲಿ ಪಂಪಿನ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ದಿನಾ ತೆಗೆದುಕೊಳ್ಳಬೇಕಾದ ಸ್ಟೆರಾಯ್ಡ್ ಇನ್ಹೇಲರ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 26 ಕೋಟಿಗೂ ಹೆಚ್ಚು ಜನಕ್ಕೆ ಅಸ್ತಮಾ ಇತ್ತು, ನಾಲ್ಕೂವರೆ ಲಕ್ಷದಷ್ಟು ಜನ ಅದರಿಂದ ಸತ್ತರು.

ಇನ್ನು ಮನಸ್ಸಿನ ಕಡೆ. ಇಲ್ಲಿ ಹೇಳುತ್ತಿರುವುದು ಬೇಜಾರಿನ ಬಗ್ಗೆ ಅಲ್ಲ. ಬೇಜಾರು ಎಲ್ಲರಿಗೂ ಆಗುತ್ತದೆ, ಒಂದು ಕಾಫಿಗೋ ಒಂದು ನಿದ್ದೆಗೋ ಇಳಿಯುತ್ತದೆ. ಖಿನ್ನತೆ ಅಂತ ಡಾಕ್ಟರ್ ಹೇಳಬೇಕಾದರೆ ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವಿಡೀ, ಮನಸ್ಸು ಕುಸಿದಿರಬೇಕು ಇಲ್ಲವೇ ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋಗಿರಬೇಕು. ಜೊತೆಗೆ ನಿದ್ದೆ, ಹಸಿವು, ಗಮನ, ಶಕ್ತಿ ಇಂಥವುಗಳಲ್ಲಿ ಕೆಲವಾದರೂ ಏರುಪೇರಾಗಿರಬೇಕು. ಬೈಪೋಲಾರ್‌ನಲ್ಲಿ ಈ ಕುಸಿತದ ಜೊತೆ ಆಗಾಗ ಉಲ್ಟಾ ಏರಿಕೆಯೂ ಬರುತ್ತದೆ: ನಿದ್ದೆ ಬೇಡ, ಮಾತು ನಿಲ್ಲದು, ದುಡ್ಡು ನೀರಿನಂತೆ ಖರ್ಚು. ಇವೆರಡೂ ಮೂಡ್ ಕಾಯಿಲೆಗಳು.

ಅಸ್ತಮಾ ಇರುವವರಲ್ಲಿ ಇವು ಜಾಸ್ತಿ ಕಾಣಿಸುತ್ತವೆ. ಇದು ಯಾವುದೋ ಒಂದು ಆಸ್ಪತ್ರೆಯ ಲೆಕ್ಕ ಅಲ್ಲ. 17 ದೇಶಗಳಲ್ಲಿ, 85 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮನೆಮನೆಗೆ ಹೋಗಿ ಮಾತಾಡಿಸಿದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಒಂದು ವರದಿ ಬಂತು. ಅಸ್ತಮಾ ಇದ್ದವರಲ್ಲಿ ಖಿನ್ನತೆಯ ಸಂಭವ ಇಲ್ಲದವರಿಗಿಂತ ಸುಮಾರು 1.6 ಪಟ್ಟು, ಆತಂಕದ ಕಾಯಿಲೆ 1.5 ಪಟ್ಟು ಇತ್ತು. ಬಡ ದೇಶ, ಶ್ರೀಮಂತ ದೇಶ ಅಂತ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಬೈಪೋಲಾರ್ ಇರುವವರಲ್ಲೂ ಅಸ್ತಮಾ ಉಳಿದವರಿಗಿಂತ ಹೆಚ್ಚು.

ಇದನ್ನು ಓದಿದ ಯಾರಾದರೂ "ಅದರಲ್ಲೇನಿದೆ ಆಶ್ಚರ್ಯ, ಉಸಿರು ಸಿಗದೆ ಒದ್ದಾಡುವವರಿಗೆ ಬೇಸರ ಬರದೆ ಇರುತ್ತಾ?" ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲು ಅಸ್ತಮಾ, ಅದರ ಬೆನ್ನಿಗೆ ಖಿನ್ನತೆ. ಆದರೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳು ಬೇರೇನೋ ಹೇಳುತ್ತವೆ. ಅಂಥ ಅಧ್ಯಯನಗಳನ್ನೆಲ್ಲ ಸೇರಿಸಿ 2015ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಮೊದಲು ಖಿನ್ನತೆ ಇದ್ದು ಅಸ್ತಮಾ ಇಲ್ಲದವರಿಗೆ ದೊಡ್ಡವರಾದ ಮೇಲೆ ಹೊಸದಾಗಿ ಅಸ್ತಮಾ ಬರುವ ಸಂಭವ ಸುಮಾರು 43% ಹೆಚ್ಚಿತ್ತು. ಉಲ್ಟಾ ದಿಕ್ಕಿನಲ್ಲಿ, ಅಂದರೆ ಅಸ್ತಮಾದಿಂದ ಖಿನ್ನತೆ ಶುರುವಾಗುವುದಕ್ಕೆ, ಅಷ್ಟು ಗಟ್ಟಿ ಸಾಕ್ಷಿ ಸಿಗಲಿಲ್ಲ. ಅಸ್ತಮಾ ಮನಸ್ಸನ್ನು ಕುಗ್ಗಿಸುವುದಿಲ್ಲ ಅಂತ ಇದರ ಅರ್ಥ ಅಲ್ಲ. ಹದಿಹರೆಯದಲ್ಲಿ ಅಸ್ತಮಾ ಇದ್ದವರಿಗೆ ಮುಂದೆ ಖಿನ್ನತೆ, ಬೈಪೋಲಾರ್ ಎರಡೂ ಹೆಚ್ಚು ಬರುತ್ತವೆ ಅಂತ ತೈವಾನ್‌ನ ದತ್ತಾಂಶ ತೋರಿಸಿದೆ. ದಾರಿ ಎರಡೂ ಕಡೆಗಿದೆ. ನಾವು ನೋಡದೆ ಬಿಟ್ಟ ಕಡೆಯಿಂದಲೂ ಸಂಚಾರ ಜೋರಾಗೇ ಇದೆ, ಅಷ್ಟೆ.

ಒಂದು ಎಚ್ಚರಿಕೆ. ಸಿಗರೇಟು, ಬೊಜ್ಜು, ಬಡತನ, ಬಾಲ್ಯದಲ್ಲಿ ಪಟ್ಟ ಕಷ್ಟ: ಇವು ಅಸ್ತಮಾಕ್ಕೂ ದಾರಿ, ಖಿನ್ನತೆಗೂ ದಾರಿ. ಹಾಗಾಗಿ ಒಂದು ಇನ್ನೊಂದಕ್ಕೆ ನೇರ ಕಾರಣ ಅಂತ ಒಂದೇ ಏಟಿಗೆ ಹೇಳಿಬಿಡುವಂತಿಲ್ಲ. ಒಳ್ಳೆಯ ಅಧ್ಯಯನಗಳು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಉಳಿಯುತ್ತದೆ. ಗಾತ್ರ ಸ್ವಲ್ಪ ಕುಗ್ಗುತ್ತದೆ.

ಹಾಗಾದರೆ ತಲೆಯಲ್ಲಿ ಆಗುವುದು ಎದೆಗೆ ಇಳಿಯುವುದು ಹೇಗೆ? ಈ ಪ್ರಶ್ನೆ ಹಳೆಯದು. 1886ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಡಾಕ್ಟರ್ ಜಾನ್ ಮೆಕೆಂಜಿ, ಗುಲಾಬಿ ಹೂ ಕಂಡರೆ ಸೀನು, ಉಬ್ಬಸ ಬರುತ್ತಿದ್ದ ಒಬ್ಬ ಮಹಿಳೆಯ ಮುಂದೆ ನಕಲಿ ಗುಲಾಬಿ ಹಿಡಿದರು. ಪರಾಗ ಇಲ್ಲ, ವಾಸನೆ ಇಲ್ಲ. ಆದರೂ ಮೂಗು ಸೋರಿತು, ಉಸಿರು ಕಟ್ಟಿತು.

ಅದು ಒಬ್ಬರ ಕಥೆ ಅನ್ನಬಹುದು. 1968ರಲ್ಲಿ ನ್ಯೂಯಾರ್ಕ್‌ನಲ್ಲಿ ಥಾಮಸ್ ಲುಪರೆಲ್ಲೊ ಮತ್ತು ಜೊತೆಗಾರರು 40 ಮಂದಿ ಅಸ್ತಮಾ ರೋಗಿಗಳನ್ನು ಕೂರಿಸಿಕೊಂಡರು. "ನಿಮಗೆ ಯಾವುದರಿಂದ ಉಬ್ಬಸ ಬರುತ್ತೋ ಅದನ್ನೇ ಈ ಯಂತ್ರದಿಂದ ಕೊಡ್ತೀವಿ, ಉಸಿರೆಳೆದುಕೊಳ್ಳಿ" ಅಂದರು. ಯಂತ್ರದಲ್ಲಿ ಇದ್ದದ್ದು ಬರೀ ಉಪ್ಪುನೀರಿನ ಆವಿ. 40ರಲ್ಲಿ 19 ಜನರ ಶ್ವಾಸನಾಳ ಅಳತೆಗೆ ಸಿಗುವಷ್ಟು ಬಿಗಿಯಿತು. ಅವರಲ್ಲಿ 12 ಜನಕ್ಕೆ ಪೂರ್ತಿ ಉಬ್ಬಸವೇ ಬಂತು. ಆಮೇಲೆ "ತಗೊಳ್ಳಿ, ಇದು ಔಷಧಿ" ಅಂತ ಅದೇ ಉಪ್ಪುನೀರನ್ನು ಕೊಟ್ಟರು. ಬಿಗಿತ ಇಳಿಯಿತು.

ಇಷ್ಟು ಕೇಳಿ "ನೋಡಿ, ಎಲ್ಲಾ ಮನಸ್ಸಿನ ಆಟ" ಅನ್ನುವವರು ಇದ್ದಾರೆ. ಸ್ವಲ್ಪ ತಡೆಯಿರಿ. ರೋಗಿಗಳು ನಟಿಸಲಿಲ್ಲ. ಮಾಪಕಕ್ಕೆ ಸಿಕ್ಕ ಬಿಗಿತ ಅದು, ನಾಳ ನಿಜವಾಗಿ ಕಿರಿದಾಗಿತ್ತು. ಮರುವರ್ಷ ಅದೇ ಗುಂಪು ಇನ್ನೊಂದು ಪರೀಕ್ಷೆ ಮಾಡಿತು: ಮೊದಲೇ ಅಟ್ರೊಪೀನ್ ಎಂಬ ಔಷಧಿ ಕೊಟ್ಟರೆ ಆ ಮಾತಿನ ಮೋಡಿ ನಡೆಯಲಿಲ್ಲ. ಅಟ್ರೊಪೀನ್ ಮಾಡುವ ಕೆಲಸ ವೇಗಸ್ ನರದ ಸಂದೇಶವನ್ನು ತಡೆಯುವುದು.

ವೇಗಸ್ ಅಂದರೆ ಮೆದುಳಿನ ಬುಡದಿಂದ ಕುತ್ತಿಗೆಯಲ್ಲಿ ಇಳಿದು ಎದೆ, ಹೊಟ್ಟೆವರೆಗೆ ಹೋಗುವ ಉದ್ದ ನರ. ಹೃದಯದ ಬಡಿತ ನಿಧಾನ ಮಾಡುವುದು, ಜೀರ್ಣ ಮಾಡಿಸುವುದು, ಶ್ವಾಸನಾಳದ ಸ್ನಾಯುವನ್ನು ಬಿಗಿಯುವುದು ಎಲ್ಲ ಅದರ ಕೈಲಿದೆ. ಹೆದರಿಕೆ ಆದಾಗ ಅಡ್ರಿನಲಿನ್ ಹರಿದು ಶ್ವಾಸನಾಳ ಅಗಲವಾಗಬೇಕು, ಓಡಲು ಗಾಳಿ ಬೇಕಲ್ಲ. ಆದರೆ ದುಃಖ, ಅಸಹಾಯಕತೆ ಬೇರೆ ಥರ. ಅಲ್ಲಿ ಓಡುವುದೂ ಇಲ್ಲ, ಹೊಡೆದಾಡುವುದೂ ಇಲ್ಲ. ಮನಸ್ಸು ಕಲಕುವ ಸಿನಿಮಾ ದೃಶ್ಯಗಳನ್ನು ತೋರಿಸಿ ಶ್ವಾಸನಾಳದ ಬಿಗಿತ ಅಳೆದಿದ್ದಾರೆ. ಅಸ್ತಮಾ ಇದ್ದವರಲ್ಲಿ ಅದು ಏರುತ್ತದೆ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತೇನೋ. ದುಃಖ ಬಂದರೆ ಎದೆ ಭಾರ, ಮೇಲೊಂದು ನಿಟ್ಟುಸಿರು.

ಕ್ಷಣದ ಬಿಗಿತಕ್ಕೆ ನರ ಕಾರಣ ಆಯಿತು. ತಿಂಗಳುಗಟ್ಟಲೆ ಹದಗೆಡುವುದಕ್ಕೆ ಕಾರಣ ಊತ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಣ್ಣ ಪ್ರಮಾಣದ ಅಸ್ತಮಾ ಇದ್ದ 20 ವಿದ್ಯಾರ್ಥಿಗಳಿಗೆ ಎರಡು ಸಲ, ಒಮ್ಮೆ ಆರಾಮಿನ ದಿನಗಳಲ್ಲಿ, ಒಮ್ಮೆ ಫೈನಲ್ ಪರೀಕ್ಷೆ ವಾರದಲ್ಲಿ, ಅಲರ್ಜಿ ತರುವ ವಸ್ತುವನ್ನು ಉಸಿರಾಡಲು ಕೊಟ್ಟು ಕಫ ಪರೀಕ್ಷಿಸಿದರು. ಮಕ್ಕಳು ಅವರೇ, ಅಲರ್ಜಿಯೂ ಅದೇ. ಪರೀಕ್ಷೆ ವಾರದ ಕಫದಲ್ಲಿ ಇಯೋಸಿನೊಫಿಲ್ ಕಣಗಳು ಹೆಚ್ಚು ಇದ್ದವು. ಇಯೋಸಿನೊಫಿಲ್ ಜಾಸ್ತಿ ಅಂದರೆ ಊತ ಜಾಸ್ತಿ. 2002ರಲ್ಲಿ ಬಂದ ಈ ಅಧ್ಯಯನ ಚಿಕ್ಕದು, ಆದರೆ ನನಗೆ ಬಹಳ ಇಷ್ಟ. ಧೂಳು ಅಷ್ಟೇ ಇದ್ದರೂ ತಲೆಬಿಸಿ ಇದ್ದಾಗ ಎದೆ ಅದಕ್ಕೆ ಹೆಚ್ಚು ಕೆರಳುತ್ತದೆ ಅನ್ನುವುದನ್ನು ಕಫದಲ್ಲೇ ತೋರಿಸಿಕೊಟ್ಟಿತಲ್ವಾ.

ಸಾಮಾನ್ಯವಾಗಿ ಇಂಥ ಊತಕ್ಕೆ ಕಡಿವಾಣ ಹಾಕುವುದು ಕಾರ್ಟಿಸಾಲ್. ದೇಹವೇ ತಯಾರಿಸುವ ಸ್ಟೆರಾಯ್ಡ್ ಅದು. ಒತ್ತಡ ಬಂದರೆ ಕಾರ್ಟಿಸಾಲ್ ಏರುತ್ತದೆ. ಅಂದ ಮೇಲೆ ಒತ್ತಡದಲ್ಲಿ ಅಸ್ತಮಾ ಕಡಿಮೆ ಆಗಬೇಕಿತ್ತು! ಎರಡು ದಿನದ ಒತ್ತಡಕ್ಕೆ ಈ ಲೆಕ್ಕ ಸರಿಹೋಗಬಹುದು. ವರ್ಷಗಟ್ಟಲೆ ಎಳೆದರೆ ಜೀವಕೋಶಗಳು ಕಾರ್ಟಿಸಾಲ್‌ನ ಮಾತು ಕೇಳುವುದನ್ನೇ ಬಿಡುತ್ತವೆ. ದಿನವಿಡೀ ಕೂಗಾಡುವ ಯಜಮಾನನ ಮಾತನ್ನು ಮನೆಯವರು ಕೇಳಿಸಿಕೊಳ್ಳದ ಹಾಗೆ. ಅಸ್ತಮಾ ಇರುವ ಮಕ್ಕಳಲ್ಲಿ ಮಾಡಿದ 2006ರ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನೆಯಲ್ಲಿ ದೀರ್ಘ ಕಷ್ಟ ಇದ್ದು ಅದರ ಮೇಲೆ ಹೊಸ ಆಘಾತವೂ ಬಿದ್ದಾಗ, ಕಾರ್ಟಿಸಾಲ್‌ನ ಗ್ರಾಹಕದ (ಅಂದರೆ ಜೀವಕೋಶದಲ್ಲಿ ಅದು ಹೋಗಿ ಕೂರುವ ಜಾಗದ) ಜೀನ್ ಮಾತ್ರವಲ್ಲ, ಸಾಲ್ಬುಟಮಾಲ್ ಕೆಲಸ ಮಾಡುವ ಗ್ರಾಹಕದ ಜೀನ್ ಕೂಡ ಮಂಕಾಗಿತ್ತು. ಪಂಪು ಎಳೆದರೂ ಮೊದಲಿನ ಹಾಗೆ ಕೆಲಸ ಮಾಡುತ್ತಿಲ್ಲ ಅನ್ನುವವರ ದೂರಿಗೆ ಇದೂ ಒಂದು ಕಾರಣ ಇರಬಹುದು.

ಊತ ಉಲ್ಟಾ ದಾರಿಯಲ್ಲೂ ಹೋಗುತ್ತದೆ. ದೇಹದಲ್ಲಿ ಎಲ್ಲಾದರೂ ಊತ ಇದ್ದರೆ ರಕ್ತದಲ್ಲಿ ಸೈಟೊಕೈನ್ ಎಂಬ ಸಂದೇಶದ ಅಣುಗಳು ಓಡಾಡುತ್ತವೆ. ಜ್ವರ ಬಂದಾಗ ಮೂಲೆ ಸೇರಿ ಮಲಗಬೇಕು ಅನ್ನಿಸುತ್ತದಲ್ಲ, ಊಟ ಬೇಡ, ಮಾತು ಬೇಡ? ಅದು ಈ ಅಣುಗಳು ಮೆದುಳಿಗೆ ಕೊಡುವ ಅಪ್ಪಣೆ. ಹೆಪಟೈಟಿಸ್ ಸಿ ಕಾಯಿಲೆಗೆ ಮೊದಲು ಇಂಟರ್‌ಫೆರಾನ್ ಎಂಬ ಸೈಟೊಕೈನನ್ನೇ ಇಂಜೆಕ್ಷನ್ ಕೊಡುತ್ತಿದ್ದರು. ತೆಗೆದುಕೊಂಡವರಲ್ಲಿ ಎಷ್ಟೋ ಜನಕ್ಕೆ ಖಿನ್ನತೆ ಬಂತು. ಹಿಡಿತಕ್ಕೆ ಸಿಗದ ಅಸ್ತಮಾದಲ್ಲಿ ಈ ಅಣುಗಳು ತಿಂಗಳುಗಟ್ಟಲೆ ಸಣ್ಣ ಪ್ರಮಾಣದಲ್ಲಿ ಓಡಾಡುತ್ತಲೇ ಇರಬಹುದು. ಅದರ ಮೇಲೆ ರಾತ್ರಿ ಮೂರು ಗಂಟೆಗೆ ಕೆಮ್ಮಿ ಎದ್ದು ಕೂರುವುದು ಬೇರೆ. ವಾರಕ್ಕೆ ನಾಲ್ಕು ರಾತ್ರಿ ನಿದ್ದೆಗೆಟ್ಟರೆ ಯಾರ ಮನಸ್ಸು ನೆಟ್ಟಗಿದ್ದೀತು?

ಮನಸ್ಸು–ಎದೆ ನಂಟಿನ ಮಾತು ಬಂದಾಗ ಒಂದು ಹಳೆಯ ತಪ್ಪನ್ನೂ ಹೇಳಬೇಕು. 20ನೇ ಶತಮಾನದ ನಡುವಿನಲ್ಲಿ ಷಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮತ್ತವರ ಗುಂಪು, ಅಸ್ತಮಾ ಅಂದರೆ ತಾಯಿಗಾಗಿ ಅದುಮಿಟ್ಟ ಅಳು ಅಂತ ಹೇಳಿತು. ಕೇಳಲು ಚೆನ್ನಾಗಿದೆ, ಆದರೆ ಆಧಾರ ಇಲ್ಲ. ಅದರಿಂದ ತಾಯಂದಿರ ಮೇಲೆ ಗೂಬೆ ಕೂತಿತು. ಈ ಸಿದ್ಧಾಂತ ಬಿದ್ದುಹೋದ ಮೇಲೆ ಡಾಕ್ಟರುಗಳು ಇನ್ನೊಂದು ತುದಿಗೆ ಹಾರಿದರು: ಅಸ್ತಮಾದಲ್ಲಿ ಮನಸ್ಸಿನ ಮಾತೇ ಬೇಡ, ಪಂಪು ಬರೆದುಕೊಟ್ಟರೆ ಸಾಕು. ನಮ್ಮ ಕ್ಲಿನಿಕ್ಕುಗಳು ಬಹುಪಾಲು ಇನ್ನೂ ಅಲ್ಲೇ ಇವೆ ಅಂತ ನನ್ನ ಅನಿಸಿಕೆ. ಇಲ್ಲವಾದರೆ "ಟೆನ್ಷನ್ ಮಾಡ್ಕೋಬೇಡಿ" ಅನ್ನುವ ಮಾತು. ಅದು ಔಷಧಿಯೂ ಅಲ್ಲ, ಸಮಾಧಾನವೂ ಅಲ್ಲ.

ಇಷ್ಟೆಲ್ಲ ನರ, ಅಣು, ಜೀನ್ ಅಂತ ಹೇಳಿದರೂ, ದಿನನಿತ್ಯದಲ್ಲಿ ಎಲ್ಲಕ್ಕಿಂತ ದೊಡ್ಡ ಕೊಂಡಿ ಆ ಪುಟ್ಟ ಕಿಟಕಿಯ 76 ಇರಬಹುದು. ಖಿನ್ನತೆ ಇರುವ ರೋಗಿಗಳು ಹೇಳಿದ ಚಿಕಿತ್ಸೆಯನ್ನು ಪಾಲಿಸದೆ ಇರುವ ಸಂಭವ ಉಳಿದವರ ಮೂರು ಪಟ್ಟು ಅಂತ, ಬೇರೆಬೇರೆ ಕಾಯಿಲೆಗಳ ಅಧ್ಯಯನಗಳನ್ನು ಸೇರಿಸಿ 2000ದಲ್ಲಿ ಲೆಕ್ಕ ಹಾಕಿದ್ದರು. ಸೋಮಾರಿತನ ಅಂತ ಬೈಯುವುದು ಸುಲಭ. ದಿನಾ ತೆಗೆದುಕೊಳ್ಳುವ ಇನ್ಹೇಲರ್ ತಕ್ಷಣ ಏನೂ ಆರಾಮ ಕೊಡುವುದಿಲ್ಲ. ಅದು ನಾಳೆಗಾಗಿ ಮಾಡುವ ಕೆಲಸ. ನಾಳೆಯ ಮೇಲೆ ನಂಬಿಕೆ ಹೋದವರಿಗೆ ಅದು ಕೈಗೆ ಬರುವುದಿಲ್ಲ. ನೀಲಿ ಪಂಪು ಈಗಿನದು, ಹಾಗಾಗಿ ಅದು ಖಾಲಿಯಾಗುತ್ತದೆ.

ಔಷಧಿಗಳದ್ದು ಬೇರೆಯೇ ಕಥೆ. ಮನೆಯಲ್ಲಿ ಎರಡೂ ಕಾಯಿಲೆ ಇರುವವರಿದ್ದರೆ ಇದನ್ನು ಗಮನವಿಟ್ಟು ಓದಿ.

ಉಬ್ಬಸ ಜೋರಾದಾಗ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಜೀವ ಉಳಿಸುತ್ತದೆ. ಅದೇ ಮಾತ್ರೆ ಕೆಲವರಲ್ಲಿ ನಿದ್ದೆ ಕೆಡಿಸಿ, ಸಿಡಿಮಿಡಿ, ಅತಿ ಉತ್ಸಾಹ, ಅಳು, ಒಮ್ಮೊಮ್ಮೆ ಉನ್ಮಾದವನ್ನೇ ತರುತ್ತದೆ. ಪ್ರಮಾಣ ಏರಿದಷ್ಟೂ ಅಪಾಯ ಜಾಸ್ತಿ. ಇದೇ ಜಾತಿಯ ಪ್ರೆಡ್ನಿಸೋನ್ ಮೇಲೆ ಬಾಸ್ಟನ್‌ನಲ್ಲಿ ನಡೆದು 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 40 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ 1.3% ಜನಕ್ಕೆ ಮನಸ್ಸಿನ ತೊಂದರೆ ಬಂದಿತ್ತು; 80 ದಾಟಿದವರಲ್ಲಿ 18.4% ಜನಕ್ಕೆ. ಹಾಗಂತ ಹೆದರಿ ಮಾತ್ರೆಯನ್ನು ದಿಢೀರನೆ ನಿಲ್ಲಿಸಬಾರದು. ಬೈಪೋಲಾರ್ ಇದ್ದರೆ ಕೋರ್ಸ್ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಇನ್ಹೇಲರ್‌ನಲ್ಲಿರುವ ಸ್ಟೆರಾಯ್ಡ್ ಪ್ರಮಾಣ ಬಹಳ ಕಡಿಮೆ, ಅದನ್ನು ಮಾತ್ರೆಯ ಜೊತೆ ಹೋಲಿಸಬೇಡಿ.

ಮಾಂಟೆಲುಕಾಸ್ಟ್ ಗೊತ್ತಲ್ವಾ? ನೆಗಡಿ, ಅಲರ್ಜಿ ಅಂದರೆ ಲೆವೊಸಿಟ್ರಿಜಿನ್ ಜೊತೆ ಸೇರಿಸಿ ಬರೆಯುವ ಮಾತ್ರೆ, ನಮ್ಮಲ್ಲಿ ಅರ್ಧ ಊರಿನ ಡ್ರಾಯರ್‌ನಲ್ಲಿ ಇರುತ್ತದೆ. ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಅದರ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಎಲ್ಲರಿಗೂ ಆಗುವುದಿಲ್ಲ, ಬಹಳ ಜನಕ್ಕೆ ಏನೂ ಆಗುವುದಿಲ್ಲ. ಆದರೆ ಮಾತ್ರೆ ಶುರು ಮಾಡಿದ ಮೇಲೆ ಸ್ವಭಾವ ಬದಲಾದರೆ ಅನುಮಾನ ಮೊದಲು ಅದರ ಮೇಲೆ ಹೋಗಲಿ.

ಇನ್ನೊಂದು ಕಡೆಯಿಂದ ನೋಡಿದರೆ ಪ್ರೊಪ್ರನೊಲಾಲ್. ಆತಂಕಕ್ಕೆ, ಕೈ ನಡುಕಕ್ಕೆ, ಮೈಗ್ರೇನ್‌ಗೆ ಕೊಡುವ ಮಾತ್ರೆ. ಎದೆಬಡಿತ ತಣ್ಣಗೆ ಮಾಡುತ್ತದೆ. ಆದರೆ ಸಾಲ್ಬುಟಮಾಲ್ ಹೋಗಿ ಕೂರಬೇಕಾದ ಜಾಗದಲ್ಲೇ ಇದು ಹೋಗಿ ಕೂರುತ್ತದೆ. ಅಸ್ತಮಾ ಇರುವವರಲ್ಲಿ ಶ್ವಾಸನಾಳ ಬಿಗಿದು, ಪಂಪು ಕೂಡ ಕೆಲಸ ಮಾಡದೆ ಜೀವಕ್ಕೆ ಅಪಾಯ ಆಗಬಹುದು. "ಟೆನ್ಷನ್‌ಗೆ ಒಂದು ಮಾತ್ರೆ ಕೊಡಿ" ಅಂತ ಮೆಡಿಕಲ್ ಶಾಪಿನಲ್ಲಿ ಕೇಳುವ ಅಭ್ಯಾಸ ಇದ್ದವರು ಇದೊಂದನ್ನು ನೆನಪಿಡಬೇಕು. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರಿಗೆ ದಮ್ಮಿಗಾಗಿ ಥಿಯೊಫಿಲಿನ್ ಇರುವ ಡೆರಿಫಿಲಿನ್‌ನಂಥ ಮಾತ್ರೆ ಕೊಟ್ಟರೆ ರಕ್ತದಲ್ಲಿ ಲಿಥಿಯಂ ಇಳಿಯುತ್ತದೆ, ಹಿಡಿತದಲ್ಲಿದ್ದ ಕಾಯಿಲೆ ಮತ್ತೆ ತಲೆ ಎತ್ತಬಹುದು. ಎದೆಯ ಡಾಕ್ಟರ ಚೀಟಿಯನ್ನು ಮನಸ್ಸಿನ ಡಾಕ್ಟರಿಗೆ, ಅವರದ್ದನ್ನು ಇವರಿಗೆ ತೋರಿಸಿ ಅನ್ನುವುದು ಇದಕ್ಕೇ.

ರಾತ್ರಿ ಎದ್ದು ಕೂತಾಗ ಇದು ಅಸ್ತಮಾನೋ ಪ್ಯಾನಿಕ್ಕೋ ಅನ್ನುವ ಗೊಂದಲ ಎಷ್ಟೋ ಜನಕ್ಕಿದೆ. ಎರಡರಲ್ಲೂ ಎದೆ ಬಿಗಿ, ಎರಡರಲ್ಲೂ ಉಸಿರು ಸಾಲದು. ಪ್ಯಾನಿಕ್‌ನಲ್ಲಿ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತುಟಿ ಸುತ್ತ, ಬೆರಳ ತುದಿ ಜುಮ್ಮೆನ್ನುತ್ತದೆ. ಅಸ್ತಮಾದಲ್ಲಿ ಸುಂಯ್ ಶಬ್ದ, ಕೆಮ್ಮು ಇರುತ್ತದೆ. ತಮಾಷೆ ಏನೆಂದರೆ ನೀಲಿ ಪಂಪು ಜಾಸ್ತಿ ಎಳೆದರೂ ಎದೆ ಡವಡವ, ಕೈ ನಡುಕ. ಅದೂ ಪ್ಯಾನಿಕ್ ಥರಾನೇ ಕಾಣುತ್ತದೆ. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ಜೋರಾಗಿ ಊದಿದರೆ ಸಂಖ್ಯೆ ತೋರಿಸುತ್ತದೆ. ಆರಾಮಿದ್ದ ದಿನದ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ರಾತ್ರಿ ಹೋಲಿಸಿ ನೋಡಬಹುದು. ಅನುಮಾನ ಇದ್ದರೆ ಅಸ್ತಮಾ ಅಂತಲೇ ತಿಳಿದು ಪಂಪು ತೆಗೆದುಕೊಳ್ಳಿ. ಮಾತು ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಲೆಕ್ಕಾಚಾರ ಬಿಟ್ಟು ಆಸ್ಪತ್ರೆಗೆ ಓಡಿ.

ಖಿನ್ನತೆಗೆ ಔಷಧಿ ಕೊಟ್ಟರೆ ಅಸ್ತಮಾ ವಾಸಿಯಾಗುತ್ತಾ? ಇಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿ ಶೆರ್ವುಡ್ ಬ್ರೌನ್ ತಂಡ ಎರಡೂ ಕಾಯಿಲೆ ಇದ್ದ 90 ವಯಸ್ಕರ ಮೇಲೆ ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಯ ಪ್ರಯೋಗ ಮಾಡಿ 2005ರಲ್ಲಿ ಫಲಿತಾಂಶ ಕೊಟ್ಟಿತು. ಮಾತ್ರೆ ತೆಗೆದುಕೊಂಡವರಿಗೆ ಸ್ಟೆರಾಯ್ಡ್ ಕೋರ್ಸಿನ ಅಗತ್ಯ ಕಡಿಮೆ ಬಿತ್ತು. ಶ್ವಾಸನಾಳಕ್ಕೆ ಮಾತ್ರೆಯಿಂದ ನೇರ ಲಾಭ ಆಯಿತು ಅನ್ನುವಷ್ಟು ಗಟ್ಟಿ ಸಾಕ್ಷಿ ಅಲ್ಲ, ಆದರೆ ಖಿನ್ನತೆ ಇಳಿದವರ ಉಸಿರಾಟವೂ ಸುಧಾರಿಸಿತು. ಪ್ರಾಣಾಯಾಮ, ಉಸಿರಾಟದ ವ್ಯಾಯಾಮಗಳದ್ದೂ ಇದೇ ಲೆಕ್ಕ. ದಿನನಿತ್ಯದ ಬದುಕು ಹಗುರಾಗುತ್ತದೆ, ಗಾಬರಿ ಕಡಿಮೆಯಾಗುತ್ತದೆ, ಒಳಗಿನ ಊತ ಮಾತ್ರ ಹಾಗೇ ಇರುತ್ತದೆ. ಮಾಡಿ, ಇನ್ಹೇಲರ್ ಬಿಡಬೇಡಿ.

ಖಿನ್ನತೆ ಇದೆಯೋ ಇಲ್ಲವೋ ಅಂತ ಮೊದಲ ಸುಳಿವು ಹಿಡಿಯಲು ಎರಡು ಪ್ರಶ್ನೆ ಸಾಕು. ಕಳೆದ ಎರಡು ವಾರದಲ್ಲಿ, ಮೊದಲು ಇಷ್ಟವಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯಾ? ಮನಸ್ಸು ಕುಸಿದ ಹಾಗೆ, ದಾರಿಯೇ ಕಾಣದ ಹಾಗೆ ಅನ್ನಿಸಿದೆಯಾ? ಹೌದು ಅಂದರೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಡಾಕ್ಟರ್ ಐದು ನಿಮಿಷದಲ್ಲಿ ಮುಗಿಸಬಹುದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದ ನೂರರಲ್ಲಿ ಸುಮಾರು 85 ಜನ ಚಿಕಿತ್ಸೆಯ ಹೊರಗೇ ಇದ್ದರು. ಮನೋವೈದ್ಯರ ಬಾಗಿಲು ತಟ್ಟಲು ಸಂಕೋಚ ಇದ್ದರೆ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದುಡ್ಡು ಬೇಡ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಅದನ್ನೂ ಅವರಿಗೆ ಹೇಳಬಹುದು.

ಚಿಕ್ಕಮ್ಮನಿಗೆ ಆ ಎರಡು ಪ್ರಶ್ನೆಯನ್ನು ನಾನೇ ಕೇಳಿದೆ, ಹೋಳಿಗೆ ತಟ್ಟುತ್ತಾ ಕೂತಿದ್ದಾಗ. ಮೊದಲನೆಯದಕ್ಕೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ಹೂರಣದ ಉಂಡೆ ಕೈಯಲ್ಲೇ ಹಿಡಿದು, "ಇದನ್ನೂ ಎದೆ ಡಾಕ್ಟ್ರಿಗೆ ಹೇಳ್ಬೇಕೇನೋ?" ಅಂದರು. ಹೇಳಬೇಕು ಅಂದೆ. ಮುಂದಿನ ಸಲ ಹೋಗುವಾಗ ಇನ್ಹೇಲರನ್ನೂ ಚೀಲಕ್ಕೆ ಹಾಕಿಕೊಂಡೆವು, ಕಿಟಕಿಯ ಸಂಖ್ಯೆ ಅವರೂ ನೋಡಲಿ ಅಂತ.